ಕೌಜಗ ಕೂಗದ ಚೈತ್ರ

ನಮ್ಮ ಮೊಮ್ಮಗಳು ಪಿಟೀಲು ಕಲಿಯಲು ಶುರು ಮಾಡಿ ಆರು ತಿಂಗಳಾಯಿತು. ನಮ್ಮ ಮನೆಯ ಬೆಕ್ಕು ಪಕ್ಕದ ಮನೆಗೆ ಬಿಡಾರ ಬದಲಿಸಿ ಐದೂವರೆ ತಿಂಗಳಾಯಿತು. ಮೊನ್ನೆ ಆ ಹುಡುಗಿ ಕಮಾನು ಹಿಡಿದುಕೊಂಡು ಅಳುಮೋರೆ ಮಾಡಿ ನನ್ನ ಮುಂದೆ ಬಂದು ನಿಂತಳು. ಕಮಾನಿನ ಕೂದಲು ಒಂದು ತುದಿಯಲ್ಲಿ ಕಿತ್ತು ಜೋಲಾಡುತ್ತಿತ್ತು. ಅದನ್ನು ರಿಪೇರಿ ಮಾಡುವವರು ಧಾರವಾಡದಲ್ಲಿ ಎಲ್ಲಿದ್ದಾರೋ ನನಗೇನು ಗೊತ್ತು? ಸುಮ್ಮನೆ ಸಮಾಧಾನ ಹೇಳುತ್ತ, ಕೆಳಗೆ ಬಿದ್ದಿದ್ದ ಎರಡು ಎಳೆ ಎತ್ತಿಕೊಂಡೆ. ಕುದುರೆಯ ಬಾಲದ ಕೂದಲು. ನನ್ನ ಬೆರಳುಗಳು ನನ್ನನ್ನು ಒಂದು ಮಾತೂ ಕೇಳದೆ ಅದನ್ನು ತೊಡೆಯ ಮೇಲಿಟ್ಟು ಹೊಸೆದವು, ಒಂದು ತುದಿಗೆ ಸಣ್ಣ ಕಣ್ಣು ಮಾಡಿದವು, ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಎಳೆದವು.

"ಅಜ್ಜಾ, ಇದೇನು?"

"ಕೌಜಗ ಹಿಡಿಯೋ ಉರುಲು."

"ಹಿಡದು?"

"ಸಾರು ಮಾಡೋದು."

ಏಕಾದಶಿ ತಪ್ಪಿಸದ, ಉಳ್ಳಾಗಡ್ಡಿಯ ವಾಸನೆ ಬಂದರೆ ಕಿಟಕಿ ತೆರೆಯುವ ಅಜ್ಜನ ಬಾಯಿಂದ ಈ ಮಾತು! ಹುಡುಗಿ ನನ್ನನ್ನೊಮ್ಮೆ ನೋಡಿ, "ಅಜ್ಜೀ, ಅಜ್ಜಗ ಏನೋ ಆಗೇದ" ಎಂದು ಕೂಗುತ್ತ ಅಡಿಗೆಮನೆಗೆ ಓಡಿದಳು. ನೀವೂ ಹಾಗೇ ಅಂದುಕೊಳ್ಳುವ ಮೊದಲು ನಾನು ತಂಗೆವ್ವನ ಸುದ್ದಿ ಹೇಳಿಬಿಡುತ್ತೇನೆ. ನನ್ನ ಇಷ್ಟು ವರ್ಷದ ಆಯುಷ್ಯದಲ್ಲಿ ಜಾಣರನ್ನು ಬಹಳ ಮಂದಿ ನೋಡಿದ್ದೇನೆ. ಡಬಲ್ ಪದವಿಯವರ ಕೈಕೆಳಗೆ ದುಡಿದಿದ್ದೇನೆ. ತಂಗೆವ್ವನಂಥ ಜಾಣೆಯನ್ನು ಮತ್ತೆ ನೋಡಲಿಲ್ಲ.

ನಮ್ಮಪ್ಪ ಮುನವಳ್ಳಿಯಲ್ಲಿ ಪಂಡಿತರು. ನಮ್ಮ ಕಡೆ ಪಂಡಿತರೆಂದರೆ ನಾಡಿ ನೋಡಿ ಔಷಧ ಕೊಡುವವರು. ಜ್ವರ ಬಿಟ್ಟು ಸೊರಗಿದವರಿಗೆ, ಬಾಣಂತನದಲ್ಲಿ ಸೋತವರಿಗೆ ಅವರು ಹೇಳುತ್ತಿದ್ದ ಪಥ್ಯ ಒಂದೇ: ತಿತ್ತಿರಿ ಹಕ್ಕಿಯ ಸಾರು. ತಿತ್ತಿರಿ ಎಂದರೆ ನಮ್ಮ ಕೌಜಗ. ಅಂಗಳದಲ್ಲಿ ಕೋಳಿಯ ನೆರಳು ಬಿದ್ದರೆ ನೀರು ಚಿಮುಕಿಸುವ ಮನುಷ್ಯ, ಆ ಸಾರಿಗೆ ನೀರೆಷ್ಟು, ಮೆಣಸೆಷ್ಟು, ಎಷ್ಟು ಬತ್ತಿಸಬೇಕು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಎಲ್ಲಾ ಗ್ರಂಥದ ಆಧಾರದ ಮೇಲೆ. ಮೂವತ್ತು ವರ್ಷ ಈ ಔಷಧ ಹೇಳಿದ ನಮ್ಮಪ್ಪ ಕೌಜಗವನ್ನು ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ ಎಂದರೆ ನೀವು ನಂಬಬೇಕು. ಕೂಗು ಮಾತ್ರ ಕೇಳಿದ್ದರು. ಅದನ್ನು ಯಾರು ಕೇಳಿರಲಿಲ್ಲ? ಬೆಳಗಾದರೆ ಸಾಕು, ಊರ ಹೊರಗಿನ ಮಡ್ಡಿಯ ಕಲ್ಲುನೆಲದಿಂದ "ಪಾಟೀಲಾ, ಪಾಟೀಲಾ, ಪಾಟೀಲಾ" ಎಂದು ಊರಗೌಡರನ್ನು ಹಾಸಿಗೆಯಿಂದ ಎಬ್ಬಿಸುವವರ ಹಾಗೆ ಕೂಗುತ್ತಿದ್ದವು. ನಮ್ಮೂರ ಪಾಟೀಲರು ತಡವಾಗಿ ಏಳುವವರು. ಅವರಿಗೆ ಈ ಹಕ್ಕಿಯ ಮೇಲೆ ಮೊದಲಿನಿಂದಲೂ ಸಿಟ್ಟು.

ನನಗೆ ಆಗ ಇಪ್ಪತ್ತಾರು. ಊರ ಸಾಲಿಯಲ್ಲಿ ಎರಡನೇ ಇಯತ್ತೆಯ ಮಾಸ್ತರ. ಆಗಿನ್ನೂ ನಾವು ಮುಂಬೈ ಪ್ರಾಂತದವರು. ಹುಡುಗರಿಗೆ ಒಂದೂಕಾಲರ ಮಗ್ಗಿ, ಒಂದೂವರೆಯ ಮಗ್ಗಿ ಬಾಯಿಪಾಠ ಮಾಡಿಸುವುದೇ ದೊಡ್ಡ ವಿದ್ಯೆ. ನನ್ನ ಬಾಯಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೂ ಹೇಳುತ್ತೇನೆ, ಸುಮ್ಮನಿರುವುದೆಂದರೆ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ನಿದ್ದೆಯಲ್ಲೂ ಮಗ್ಗಿ ಹೇಳುತ್ತೇನೆಂದು ಹೆಂಡತಿ ದೂರುತ್ತಿದ್ದಳು.

ತಂಗೆವ್ವ ಊರ ಹೊಲಗಳನ್ನು ಕಾಯುವವಳು. ಐವತ್ತರ ಆಸುಪಾಸು, ಉದ್ದ ಕಾಲು, ಕಚ್ಚೆ ಹಾಕಿ ಉಟ್ಟ ಸೀರೆ. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿದಳೆಂದರೆ ಎರಡು ಹೊಲದಾಚೆಯ ಗಿಳಿವಿಂಡು ಎದ್ದು ಹೋಗಬೇಕು. ಕವಣೆಯ ಕೆಲಸ ಇಲ್ಲದಾಗ ಉರುಲು ಹಾಕುತ್ತಿದ್ದಳು. ಕೌಜಗ ಬೇಕೆಂದರೆ ಮುನವಳ್ಳಿಯಿಂದ ಯರಗಟ್ಟಿಯವರೆಗೆ ಜನ ಅವಳ ಮನೆ ಕೇಳಿಕೊಂಡು ಬರುತ್ತಿದ್ದರು. ಆದರೆ ಉಗಾದಿಯ ದಿನ ಎಲ್ಲ ಉರುಲನ್ನು ಸುತ್ತಿ ಮನೆಯ ಜಂತಿಗೆ ಸಿಕ್ಕಿಸಿಬಿಡುತ್ತಿದ್ದಳು. ಮುಂಗಾರು ಬಿದ್ದು ಮರಿಗಳು ಹಾರುವ ತನಕ ಪಾಟೀಲರೇ ಬಂದು ಕೇಳಿದರೂ ಕೆಳಗಿಳಿಸುತ್ತಿರಲಿಲ್ಲ.

ಆ ವರ್ಷ ಅವಳ ಮಗಳು ನೀಲವ್ವ ರಾಮದುರ್ಗದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆರಿಗೆಯಾಯಿತು, ಗಂಡುಮಗು. ಹಿಂದೆಯೇ ಜ್ವರ ಬಂತು. ಸವದತ್ತಿಯ ದವಾಖಾನೆಯ ಔಷಧಕ್ಕೆ ಜ್ವರ ಬಿಟ್ಟಿತು, ಆದರೆ ಹುಡುಗಿ ಏಳಲಿಲ್ಲ. ತಿಂದದ್ದು ನಿಲ್ಲದು, ಎದೆಯಲ್ಲಿ ಹಾಲಿಲ್ಲ, ಕೂಸು ಹಗಲೆಲ್ಲ ಅಳುತ್ತಿತ್ತು. ತಂಗೆವ್ವ ಅಪ್ಪನ ಹತ್ತಿರ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಅಪ್ಪ ಹಿಂದಿನ ದಿನವೇ ನಾಡಿ ನೋಡಿ ಬಂದಿದ್ದರು. ಹೇಳಿದ್ದು ಅದೇ, ಏಳು ದಿನ ತಿತ್ತಿರಿಯ ಸಾರು.

"ಪಂಡಿತರ, ಉಗಾದಿ ಆಗಿ ಮೂರ ದಿನಾ ಆತ್ರಿ. ಈಗ ಹಕ್ಕಿ ತತ್ತಿ ಮ್ಯಾಲ ಕುಂತಿರ್ತಾವು. ಈಗ ನಾ ಉರುಲು ಹಾಕೂದಿಲ್ರಿ" ಎಂದಳು ತಂಗೆವ್ವ.

"ಹಂಗಾದ್ರ ಮಗಳಿಗೆ ಏನ ಕೊಡ್ತೀ?"

"ಕೋಳಿ ಸಾರು ಕೊಟ್ಟ ನೋಡಿದ್ನಿ. ವಾಂತಿ ಮಾಡಿದ್ಲರಿ."

"ಕೋಳಿ ಭಾರ. ತಿತ್ತಿರಿ ಹಗುರ ಅದ. ಆಕಿ ಹೊಟ್ಟಿಗೆ ಈಗ ಹಗುರಿದ್ದದ್ದೇ ಬೇಕು."

ಅವಳ ದೊಡ್ಡ ಮಗಳು ನಾಲ್ಕು ವರ್ಷದ ಹಿಂದೆ ಇಂಥದೇ ಬಾಣಂತನದಲ್ಲಿ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಅಪ್ಪನೂ ಒತ್ತಾಯ ಮಾಡಲಿಲ್ಲ.

"ಗಂಡು ಅಷ್ಟ ಹಿಡೀತೇನ್ರಿ" ಎಂದು ಕಡೆಗೆ ಹೇಳಿದಳು. "ಹೆಣ್ಣು ಬಿದ್ರ ಬಿಟ್ಟ ಬಿಡ್ತೇನಿ. ತತ್ತಿ ಮ್ಯಾಲಿಂದ ಎದ್ದ ಬಂದಾಕಿನ್ನ ಕೊಂದು ನನ್ನ ಮಗಳಿಗೆ ಹೆಂಗ ಕುಡಸ್ಲಿ?"

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಗ ನಮ್ಮಪ್ಪ ಒಂದು ಮಾತು ಸೇರಿಸಿದರು. ಹಿಂದೆ ಯಾರೋ ರೋಗಿಗೆ ಕೌಜಗವೆಂದು ಅದಕ್ಕಿಂತ ಸಣ್ಣದಾದ ಬುರ್ಲಿ ಹಕ್ಕಿ ಬೇಯಿಸಿ ಕೊಟ್ಟು, ಗುಣ ಕಾಣಲಿಲ್ಲವೆಂದು ಅಪ್ಪನ ಮೇಲೆ ಬಂದಿದ್ದರಂತೆ. ಆದ್ದರಿಂದ ಹಕ್ಕಿಯನ್ನು ಪರೀಕ್ಷೆ ಮಾಡಲು ಮನೆಯವರೊಬ್ಬರು ಜೊತೆಗಿರಬೇಕು. "ಲಕ್ಷಣ ಎಲ್ಲಾ ನನ್ನ ಮಗಗ ಹೇಳಿ ಕಳಸ್ತೀನಿ. ಅವಾ ಬರ್ತಾನ."

ತಂಗೆವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಮಾಸ್ತರ್ರ? ಇವರ ಸಪ್ಪಳ ಭಾಳ ಐತಲ್ರೀ."

"ಬಾಯಿ ಮುಚ್ಚಿಕೊಂಡು ಇರ್ತಾನ."

"ಆಣಿ ಮಾಡಸ್ರಿ ಮತ್ತ" ಎಂದಳು. ಅಪ್ಪ ನಿಜವಾಗಿಯೂ ಆಣೆ ಮಾಡಿಸಿದರು.

ಜಂತಿಯಿಂದ ಇಳಿಸಿದ ಉರುಲುಗಳಲ್ಲಿ ಅರ್ಧವನ್ನು ಆಗಲೇ ಇಲಿ ಕಡಿದಿತ್ತು. ಹೊಸ ಕೂದಲು ತರುವ ಕೆಲಸ ನನಗೆ ಬಂತು. "ಗಂಡ ಕುದರೀದ ತರ್ರಿ. ಹೆಣ್ಣ ಕುದರಿ ಬಾಲ ಉಚ್ಚಿಗೆ ತೊಯ್ದು ತೊಯ್ದು ಸೆಡತಿರ್ತೈತಿ, ಪಟಕ್ಕನ ಹರೀತೈತಿ" ಎಂದು ತಾಕೀತು ಮಾಡಿದಳು. ನೋಡಿ, ಇದು ಯಾವ ಗ್ರಂಥದಲ್ಲಿದೆ? ನಾನು ಟಾಂಗಾ ಹೊಡೆಯುವ ಹುಸೇನಸಾಬನ ಹತ್ತಿರ ಹೋದೆ. ಅವನ ಮಗ ನನ್ನ ವಿದ್ಯಾರ್ಥಿ. ವಿಷಯ ಕೇಳಿ ಹುಸೇನಸಾಬ ಗಡ್ಡ ತುರಿಸಿಕೊಂಡ. "ಹ್ವಾದ ವಾರ ನನ್ನ ಮಗಾ ಸಾಲಿಯಿಂದ ಬಂದು ಹತ್ತ ಕುದರಿಗೆ ಎಷ್ಟ ಕಾಲು ಅಂತ ಕೇಳಿದಾ. ಈ ವಾರ ನೀವ ಬಾಲಾ ಕೇಳಾಕ್ಹತ್ತೀರಿ. ಮುಂದಿನ ವಾರ ಕುದರಿನ್ನ ಸಾಲಿಗೆ ಕಳಸ್ಲೇನ್ರಿ ಮಾಸ್ತರ್ರ?" ಎಂದ. ಹಾಗೆಂದರೂ ಹನ್ನೆರಡು ಎಳೆ ಕಿತ್ತು ಕೊಟ್ಟ. ಪ್ರತಿ ಎಳೆಗೂ ಕುದುರೆ ತಿರುಗಿ ನನ್ನನ್ನೇ ನೋಡಿತು, ಹುಸೇನಸಾಬನನ್ನಲ್ಲ.

ಮರುದಿನ ನಸುಕಿನಲ್ಲಿ ಮಡ್ಡಿಗೆ ಹೋದೆವು. ಕೆಂಪು ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕಾರಿಮುಳ್ಳಿನ ಕಂಟಿ, ನಡುವೆ ಗಾಡಿಯ ಹಾದಿ. ಆಣೆಯ ಪ್ರಕಾರ ನಾನು ಬಾಯಿ ಮುಚ್ಚಿದ್ದೆ. ಆಶ್ಚರ್ಯವೆಂದರೆ ಮಡ್ಡಿಯೂ ಬಾಯಿ ಮುಚ್ಚಿತ್ತು. ಒಂದೇ ಒಂದು "ಪಾಟೀಲಾ" ಇಲ್ಲ. ಸೂರ್ಯ ಮೊಳಗಾತ್ರ ಏರುವವರೆಗೆ ತಡೆದೆ. ಆಮೇಲೆ ಆಗಲಿಲ್ಲ.

"ತಂಗೆವ್ವಾ, ಒಂದೂ ಕೂಗವಲ್ವಲ್ಲ. ಹಕ್ಕಿ ಇಲ್ಲೇನು?" ಎಂದು ಪಿಸುಗುಟ್ಟಿದೆ.

"ಅದಾವ್ರಿ. ನಮ್ಮನ್ನ ನೋಡಾಕ್ಹತ್ಯಾವು."

"ಮತ್ತ ಕೂಗೂದಿಲ್ಯಾಕ?"

"ಮನ್ಯಾಗ ತತ್ತಿ ಇಟ್ಟು ಅಂಗಳದಾಗ ನಿಂತ ಡಂಗುರಾ ಸಾರ್ತಾರೇನ್ರಿ?" ಎಂದು ನಕ್ಕಳು. "ಕೂಗಿದ್ರ ಹಿಡ್ಯಾಕ ನಾ ಯಾಕ ಬೇಕು? ಕಿವಿ ಇದ್ದಾವ್ರು ಯಾರರ ಹಿಡೀತಾರ. ಕೂಗದಾಗ ನೆಲಾ ನೋಡಬೇಕು."

ನೆಲ ನೋಡುವುದೆಂದರೆ ಏನೆಂದು ನನಗೆ ತಿಳಿದದ್ದು ಅವತ್ತು. ನಾನು ಓದಿಸುವ ಎರಡನೇ ಇಯತ್ತೆಯ ಪುಸ್ತಕದಷ್ಟೇ ಸಲೀಸಾಗಿ ಅವಳು ಆ ಮಡ್ಡಿಯನ್ನು ಓದುತ್ತಿದ್ದಳು. ಒಡ್ಡಿನ ಬಿಸಿಲು ಬೀಳುವ ಬದಿಯಲ್ಲಿ ಅಂಗೈಯಗಲದ ಧೂಳುಗುಂಡಿ: ಹಕ್ಕಿ ಮೈ ಹೊರಳಿಸಿ ಧೂಳಿನಲ್ಲಿ ಮಿಂದ ಜಾಗ. ಗುಂಡಿಯ ಅಂಚು ಕುಸಿದಿದ್ದರೆ ನಿನ್ನೆಯದು, ಚೂಪಾಗಿದ್ದರೆ ಇವತ್ತಿನದು. ಕಂಟಿಯ ಬುಡದಲ್ಲಿ ದೊಡ್ಡ ದಪ್ಪ ಹಿಕ್ಕೆ ಬಿದ್ದಿದ್ದರೆ ಅದು ಕಾವಿಗೆ ಕುಳಿತ ಹೆಣ್ಣು. ದಿನಕ್ಕೊಂದು ಸಲ ಅವಸರದಲ್ಲಿ ಎದ್ದು ಬರುವವಳು, ಆತನಕ ತಡೆದಿಟ್ಟುಕೊಂಡಿರುತ್ತಾಳೆ. ಅಂಥ ಹಿಕ್ಕೆ ಕಂಡಲ್ಲಿ ತಂಗೆವ್ವ ಉರುಲಿನ ಚೀಲವನ್ನು ಹೆಗಲಿಂದ ಇಳಿಸುತ್ತಲೇ ಇರಲಿಲ್ಲ, ಬಳಸಿಕೊಂಡು ಹೋಗುತ್ತಿದ್ದಳು. ಆಮೇಲೆ ಮೊಳಕಾಲೆತ್ತರದ ಒಂದು ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಕಲ್ಲಿನ ನೆತ್ತಿಯ ಮೇಲೆ ಸಣ್ಣ ಒಣ ಹಿಕ್ಕೆಗಳು, ಒಂದರ ಮೇಲೊಂದು, ಬಹಳ ದಿನದವು.

"ಇದು ಗಂಡಿಂದ್ರಿ. ಕೂಗಲಿ ಬಿಡ್ಲಿ, ಮುಂಜಾನೆದ್ದು ಕಲ್ಲ ಮ್ಯಾಲ ನಿಂದ್ರಲಾರದ ಅದರ ಜೀವ ತಡ್ಯೂದಿಲ್ಲ. ನಮ್ಮ ಪಾಟೀಲರು ಚಾವಡಿ ಕಟ್ಟಿಗೆ ಬಂದ ಕುಂದರ್ತಾರಲ್ರೀ, ಹಂಗ."

ಕಲ್ಲಿನ ಸುತ್ತ ಗೂಟ ಹೊಡೆದು ಉರುಲು ಹರವಿದಳು. ಹರವಿದ ಮೇಲೆ ನನಗೆ ತೋರಿಸಿ "ಎಲ್ಲೈತಿ ಹೇಳ್ರಿ" ಎಂದಳು. ಒಂದೂ ಕಾಣಲಿಲ್ಲ. ಆ ಒರಟು ಕೈಗಳಿಂದ ಕೂದಲಿನಷ್ಟು ಸಣ್ಣ ಕೆಲಸ ಹೇಗೆ ಹೊರಡುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಮೊದಲ ದಿನ ನಾನು ಸೀನಿದೆ. ಎರಡನೇ ದಿನ ಸೀನು ತಡೆಯಲು ಹೋಗಿ ಬಿಕ್ಕಳಿಕೆ ಹತ್ತಿತು. ಅಂದು ಬಿದ್ದದ್ದೂ ಒಂದು ಹೆಣ್ಣು. ತಂಗೆವ್ವ ಉರುಲು ಬಿಡಿಸಿ, "ಹೋಗ ನಮ್ಮವ್ವ, ಲಗೂನ ಹೋಗು, ತತ್ತಿ ಆರಿ ಹೋದಾವು" ಎಂದು ನೆಲಕ್ಕೆ ಬಿಟ್ಟಳು. ಅದು ಹಾರಲಿಲ್ಲ, ಸೆರಗು ಎತ್ತಿಕೊಂಡು ಓಡುವ ಹೆಂಗಸಿನ ಹಾಗೆ ಕಂಟಿಯೊಳಗೆ ಓಡಿತು. ತಂಗೆವ್ವ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತಳು. ಎರಡು ದಿನ ಖಾಲಿ ಕೈ. ಮನೆಯಲ್ಲಿ ಮಗಳು ಗಂಜಿಯನ್ನೂ ಬಿಟ್ಟಿದ್ದಳು.

ಮೂರನೇ ದಿನ ನಾನು ಒಂದು ಘನಂದಾರಿ ಕೆಲಸ ಮಾಡಿದೆ.

ಉಗಾದಿಯಿಂದ ರಾಮನವಮಿಯವರೆಗೆ ನಮ್ಮ ಮನೆಯಲ್ಲಿ ದಿನವೂ ವಿಶೇಷ ಪೂಜೆ. ಆ ದಿನ ಅಪ್ಪ ಬೈಲಹೊಂಗಲಕ್ಕೆ ಹೋಗಬೇಕಿತ್ತು, ಪೂಜೆ ನನ್ನ ಪಾಲಿಗೆ ಬಂತು. ನಾನು ಮಲಪ್ರಭೆಯಲ್ಲಿ ಮುಳುಗು ಹಾಕಿ, ತಿರುಗಿ ಹೋಗಿ ಪೂಜೆ ಮಾಡಿದರಾಯಿತೆಂದು ಒದ್ದೆ ಪಂಚೆಯಲ್ಲಿ ಮಡಿಯಾಗಿಯೇ ಮಡ್ಡಿಗೆ ಬಂದೆ. ಮುಳ್ಳಿನಲ್ಲಿ ನಡೆದರೆ ಮಡಿ ಕೆಡುವುದಿಲ್ಲ, ಕಲ್ಲಿನ ಮೇಲೆ ಕುಳಿತರೆ ಕೆಡುವುದಿಲ್ಲ, ಹಕ್ಕಿ ಮುಟ್ಟಿದರೆ ಮಾತ್ರ ಕೆಡುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನಮ್ಮ ಮಡಿ ಯಾವಾಗಲೂ ನಮ್ಮ ಸೋಯಿಗೆ, ಅನುಕೂಲಕ್ಕೆ ತಕ್ಕಷ್ಟೇ ಇರುತ್ತಿತ್ತು. ಬಿಸಿಲೇರುವ ಹೊತ್ತಿಗೆ ತಂಗೆವ್ವ ಎದ್ದಳು. ಕೂಸಿಗೆ ಆಡಿನ ಹಾಲು ಕುಡಿಸಿ ಬರಬೇಕಿತ್ತು.

"ನೀವ ಇಲ್ಲೇ ಕುಂದರ್ರಿ. ಬಿದ್ದದ್ದನ್ನ ಹಂಗ ಬಿಟ್ರ ಮುಂಗಸಿ ಒಯ್ತೈತಿ. ಹಿಡದು ಕಾಲ ನೋಡ್ರಿ. ಹಿಮ್ಮಡಿ ಮ್ಯಾಲ ಮುಳ್ಳಿದ್ರ ಗಂಡು, ಬುಟ್ಟ್ಯಾಗ ಮುಚ್ಚಿಡ್ರಿ. ಇಲ್ಲಂದ್ರ ಹೆಣ್ಣು, ಬಿಡ್ರಿ. ಮೈಬಣ್ಣ ನೋಡಬ್ಯಾಡ್ರಿ, ಎರಡೂದರದೂ ಒಂದ ಐತಿ."

ಅವಳು ಹೋಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಕಲ್ಲಿನ ಹತ್ತಿರ ಪಟಪಟ ಸಪ್ಪಳವಾಯಿತು. ಓಡಿದೆ. ಕಂದು ಮೈ, ಅದರ ತುಂಬ ಸಣ್ಣ ಗೆರೆಗಳು, ಗಂಟಲಲ್ಲಿ ಹಳದಿ. ಅಪ್ಪ ಹೇಳಿದ ಲಕ್ಷಣವೆಲ್ಲ ಇತ್ತು, ತಿತ್ತಿರಿಯೇ ಸೈ. ಈಗ ಹಿಡಿಯಬೇಕಲ್ಲ? ಮಡಿ ನೆನಪಾಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ, ನಾನು ಹುಟ್ಟಿದಂದಿನಿಂದ ಒಂದು ಗುಬ್ಬಿಯನ್ನೂ ಹಿಡಿದವನಲ್ಲ. ಪಂಚೆಯ ಸೆರಗನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಹಾಕಿ ಒತ್ತಿಹಿಡಿದೆ. ಬಟ್ಟೆಯ ಮೇಲಿನಿಂದಲೇ ಕಾಲು ತಡವಿದೆ. ಹಕ್ಕಿ ಕೊಸರುತ್ತಿತ್ತು. ಮುಳ್ಳೇನೂ ಕೈಗೆ ಹತ್ತಿದಂತಾಗಲಿಲ್ಲ. ಸೆರಗು ಸರಿಸಿ ನೋಡಿದೆ, ಕಾಲನ್ನಲ್ಲ, ಮುಖವನ್ನು. ಕಣ್ಣು ಎಷ್ಟು ಸೌಮ್ಯ! ತಾಯಿಯ ಕಣ್ಣು ಇದು, ಹೆಣ್ಣೇ ಎಂದು ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. ಒಂದು ಕಡ್ಡಿಯಿಂದ ಉರುಲು ಸಡಿಲಿಸಿ ಬಿಟ್ಟೆ. ಹೋಗು ತಾಯಿ ಎಂದು ಕೈ ಬೇರೆ ಮುಗಿದೆ.

ತಂಗೆವ್ವ ತಿರುಗಿ ಬಂದಾಗ ಎದುರಿಗೇ ಹೋಗಿ ಸಂಭ್ರಮದಿಂದ ಹೇಳಿದೆ.

"ಕಾಲ ನೋಡಿದ್ರಿಲ್ರೀ?"

"ನೋಡಿದೆ. ಮುಳ್ಳಿರಲಿಲ್ಲ" ಎಂದೆ.

ಅವಳ ಕಣ್ಣು ನನ್ನ ಪಂಚೆಯ ಸೆರಗಿನ ಮೇಲೆ ನಿಂತಿತ್ತು. ನಾನೂ ಆಗಲೇ ನೋಡಿದ್ದು. ಹಕ್ಕಿಯ ಕಾಲನ್ನು ಒತ್ತಿಹಿಡಿದ ಜಾಗದಲ್ಲೇ ಜೋಳದ ಕಾಳಿನಷ್ಟು ತೂತು, ಅದರಿಂದ ಗೇಣುದ್ದ ನೂಲು ಎಳೆದು ಬಂದಿತ್ತು. ಕಾಲಿನ ಮುಳ್ಳು ಹರಿದದ್ದಲ್ಲದೆ ಅದು ಬೇರೇನೂ ಆಗಿರಲು ಸಾಧ್ಯವಿಲ್ಲ ಎಂದು ಎರಡನೇ ಇಯತ್ತೆಯ ಹುಡುಗನಿಗೂ ಹೊಳೆಯುತ್ತಿತ್ತು. ನಾನು ಸೆರಗನ್ನು ಮಡಚಿ ಹಿಂದಕ್ಕೆ ಹಾಕಿಕೊಂಡೆ. ತಂಗೆವ್ವ ಏನೂ ಅನ್ನಲಿಲ್ಲ. ಉರುಲುಗಳನ್ನು ಒಂದೊಂದಾಗಿ ಕಿತ್ತು ಬೆರಳಿಗೆ ಸುತ್ತಿಕೊಂಡಳು. "ಇನ್ನ ಈ ಕಲ್ಲಿಗೆ ಬರೂದಿಲ್ಲ ಅದು" ಎಂದಷ್ಟೇ ಹೇಳಿ ಮುಂದೆ ನಡೆದಳು.

ಸಂಜೆ ಮನೆಯಲ್ಲಿ ಇನ್ನೊಂದು ಶಿಕ್ಷೆ ಕಾದಿತ್ತು. ಬೈಲಹೊಂಗಲದಿಂದ ಬಂದ ಅಪ್ಪನಿಗೆ, ನನ್ನ ಬಾಯಿಂದಲೇ ಕೇಳಿದ್ದ ಹಕ್ಕಿ ಬಿಟ್ಟ ಸುದ್ದಿಯನ್ನು ಅಮ್ಮ ಆಗಲೇ ಹೇಳಿದ್ದಳು. ಅಪ್ಪ ಪಡಸಾಲೆಯಲ್ಲಿ ಕುಳಿತ ನಾಲ್ಕು ಮಂದಿಯ ಎದುರಿಗೆ, "ನಮ್ಮಾವಾ ಮಡ್ಯಾಗ ಇದ್ದು ತಾಯಿ ಹಕ್ಕಿ ಬಿಡಿಸಿದ. ಎಂಥಾ ಸಂಸ್ಕಾರ ನೋಡ್ರಿ" ಎಂದು ನನ್ನ ಬೆನ್ನು ಚಪ್ಪರಿಸಿದರು. ಅಮ್ಮ ಎರಡು ಸಲ ಕೋಸಂಬರಿ ಬಡಿಸಿದಳು. ನಾನು ಅದನ್ನು ಎಲೆಯ ಅಂಚಿಗೆ ಸರಿಸಿದೆ.

ಮರುದಿನ ಅಪ್ಪ ಒಂದು ಚೂರ್ಣ ಕೊಟ್ಟು ನನ್ನನ್ನು ತಂಗೆವ್ವನ ಮನೆಗೆ ಕಳಿಸಿದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ನೀಲವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಂಗೆವ್ವ ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಕೂಸು ಅತ್ತರೂ ತಾಯಿ ತಿರುಗಿ ನೋಡಲಿಲ್ಲ.

"ಇಕಿ ಅಕ್ಕನೂ ಹಿಂಗ ಗ್ವಾಡಿಗೆ ಮಾರಿ ಮಾಡಿದ್ಲರಿ" ಎಂದಳು ತಂಗೆವ್ವ. ಅತ್ತು ಹೇಳಲಿಲ್ಲ. ಬತ್ತಿ ಅದ್ದುತ್ತಲೇ ಹೇಳಿದಳು.

ಆಗಲೇ ಹೇಳಿಬಿಡಬೇಕಿತ್ತು. ತಪ್ಪಾಯಿತು ತಂಗೆವ್ವ, ಅದು ಗಂಡೇ ಆಗಿತ್ತು, ನಾನು ಕಾಲು ನೋಡಲೇ ಇಲ್ಲ ಎನ್ನಬೇಕಿತ್ತು. ಹಗಲೂ ರಾತ್ರಿ ಮುಚ್ಚದ ನನ್ನ ಬಾಯಿ ಆವತ್ತು ತೆರೆಯಲಿಲ್ಲ. ಚೂರ್ಣದ ಪೊಟ್ಟಣ ಇಟ್ಟು ಹೊರಳಿದೆ. ಅಂಗಳ ದಾಟುವಾಗ ಅವಳೇ ಕೂಗಿದಳು.

"ಮಾಸ್ತರ್ರ, ನಾಳೆ ಬಿಸಲ ಏರೂದ್ರಾಗ ಬರ್ರಿ. ಮಡಿ-ಗಿಡಿ ಉಟಗೊಂಡು ಬರಬ್ಯಾಡ್ರಿ. ನಡಿಯೂ ಕೆಲಸಾ ಐತಿ."

ನಾನು ಹೋಗುವಷ್ಟರಲ್ಲಿ ಅವಳು ಅರ್ಧ ಕೆಲಸ ಮುಗಿಸಿದ್ದಳು. ಕಲ್ಲಿನಿಂದ ಕೂಗಳತೆ ದೂರದಲ್ಲಿ, ಎರಡು ದೊಡ್ಡ ಕಂಟಿಗಳ ನಡುವೆ, ಗೇಣೆತ್ತರದ ಮುಳ್ಳುಬೇಲಿ. ಬೇಲಿಯಲ್ಲಿ ನಾಲ್ಕು ಸಣ್ಣ ಕಂಡಿ, ಕಂಡಿಗೊಂದು ಉರುಲು. ಕೌಜಗ ಅವಸರ ಬಿದ್ದರಷ್ಟೇ ಹಾರುತ್ತದೆ, ಇಲ್ಲದಿದ್ದರೆ ಮುಂದೆ ಮುಂದೆ ನಡೆಯುತ್ತದೆ. ಬೇಲಿ ಅಡ್ಡ ಬಂದರೆ ಕಂಡಿ ಹುಡುಕಿ ನುಸುಳುತ್ತದೆ. ಹಿಂದಿನಿಂದ ಯಾರಾದರೂ ನಿಧಾನವಾಗಿ ನಡೆದು ಬರಬೇಕು, ಬೆನ್ನು ಹತ್ತಿದಂತೆ ಅನಿಸಬಾರದು. ಅವಳು ಬೇಲಿಯ ಹತ್ತಿರವೇ ಅಡಗಿರಬೇಕು; ಆದ್ದರಿಂದ ನಡೆಯಲು ಎರಡನೆಯವರು ಬೇಕೇ ಬೇಕು.

ನಾನು ಚಪ್ಪಲಿ ಕಳೆದೆ, ಉಸಿರು ಬಿಗಿಹಿಡಿದೆ, ಬಗ್ಗಿ ಬೆಕ್ಕಿನ ಹೆಜ್ಜೆ ಇಡಲು ಶುರು ಮಾಡಿದೆ. ತಂಗೆವ್ವ ಹಣೆ ಬಡಿದುಕೊಂಡಳು.

"ಅಯ್ಯ, ಹಂಗ ಕಳ್ಳ ಬಂದಂಗ ಬಂದ್ರ ಪುರ್ ಅಂತ ಹಾರಿ ಹೋಗ್ತಾವ್ರಿ! ಸುಮ್ಮ ಬರಾವ್ನ ಕಂಡ್ರ ಅವಕ್ಕ ಅಂಜಿಕಿ. ಮಾತಾಡಕೋತ ಬರ್ರಿ. ಹೊಲಕ್ಕ ಹೊಂಟ ರೈತ ಎತ್ತಿನ ಜೋಡಿ ಮಾತಾಡಕೋತ ಹೋಗ್ತಾನಲ್ಲ, ಹಂಗ. ಚಪ್ಪಲಿ ಮೆಟ್ಟಗೋರಿ."

"ಏನ ಮಾತಾಡ್ಲಿ?"

"ನಿಮಗ ಅದನೂ ನಾ ಹೇಳಬೇಕೇನ್ರಿ?"

ನೋಡಿ, ಆಣೆ ಮಾಡಿಸಿ ಮುಚ್ಚಿದ್ದ ಬಾಯಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ಮೊದಲು ಮಂತ್ರ ನಾಲಿಗೆಗೆ ಬಂತು, ಆದರೆ ಹಕ್ಕಿ ಹಿಡಿಯಲು ಮಂತ್ರ ಹೇಳುವುದು ಸರಿಯೆನಿಸಲಿಲ್ಲ. ಮಗ್ಗಿ ಹಿಡಿದೆ. "ಒಂದೊಂದೂವರಿ ಒಂದೂವರಿ, ಎರಡೊಂದೂವರಿ ಮೂರು, ಮೂರೊಂದೂವರಿ ನಾಕೂವರಿ" ಎನ್ನುತ್ತ ಆಚೆಗೆ ನಾಲ್ಕು ಹೆಜ್ಜೆ, ಈಚೆಗೆ ನಾಲ್ಕು ಹೆಜ್ಜೆ, ಮೇಯುವ ಎತ್ತಿನ ಹಾಗೆ ಓರೆಯಾಗಿ ನಡೆದೆ. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಎಲ್ಲಿಯೂ ಒಂದು ಗರಿ ಅಲ್ಲಾಡಲಿಲ್ಲ. ನೀಲವ್ವ ಇನ್ನೂ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಇದೂ ಹುಸಿಹೋದರೆ ನಾನು ಯಾರಿಗೆ ಮುಖ ತೋರಿಸಲಿ ಎಂದುಕೊಳ್ಳುತ್ತಲೇ ಮಗ್ಗಿ ಹೇಳುತ್ತಿದ್ದೆ. "ಹದಿಮೂರೊಂದೂವರಿ ಹತ್ತೊಂಬತ್ತೂವರಿ" ಎನ್ನುವಷ್ಟರಲ್ಲಿ ಮುಂದೆ ರೆಕ್ಕೆ ಬಡಿದ ಸಪ್ಪಳ, ಅದರ ಹಿಂದೆಯೇ ತಂಗೆವ್ವನ ಕೂಗು.

"ಬಿತ್ತು! ಬರ್ರೀ!"

ಎರಡು ಕಂಡಿಯಲ್ಲಿ ಎರಡು ಹಕ್ಕಿ. ಒಂದನ್ನು ಹಿಡಿದು ಕಾಲು ನೋಡಿದವಳೇ ಬಿಟ್ಟಳು. ಇನ್ನೊಂದನ್ನು ಎತ್ತಿ ನನ್ನ ಕಡೆ ಚಾಚಿದಳು.

"ಹಿಡೀರಿ. ಬರಿಗೈಲೆ."

ಹಿಡಿದೆ. ಎಷ್ಟು ಬಿಸಿ ಅದರ ಮೈ! ಅಂಗೈಯಲ್ಲಿ ಅದರ ಎದೆಯೂ ನನ್ನಷ್ಟೇ ಹೊಡೆದುಕೊಳ್ಳುತ್ತಿತ್ತು. ಅವಳು ನನ್ನ ಹೆಬ್ಬೆರಳನ್ನು ಹಿಡಿದು ಅದರ ಹಿಮ್ಮಡಿಯ ಮೇಲೆ ಇಟ್ಟಳು. ಗಟ್ಟಿ ಚೂಪು ಮುಳ್ಳು, ಕುರುಡನಿಗೂ ತಿಳಿಯುವಂಥದು. "ಇದರೀ ಗಂಡು" ಎಂದಳು. ಮುಂದಿನ ಕೆಲಸಕ್ಕೆ ಅವಳು ಒಡ್ಡಿನಾಚೆ ಹೋದಳು, ನಾನು ಹೋಗಲಿಲ್ಲ.

ಹಕ್ಕಿಯನ್ನು ಬೇಯಿಸುವ ಮೊದಲು ಅಪ್ಪನಿಗೆ ತೋರಿಸಬೇಕೆಂದು ಕರಾರು. ತಂಗೆವ್ವ ಅಂಗಳದಲ್ಲಿ ನಿಂತು ಬುಟ್ಟಿಯ ಮುಚ್ಚಳ ತೆಗೆದಳು. ಮೂವತ್ತು ವರ್ಷದ ನಂತರ ತಮ್ಮ ಔಷಧವನ್ನು ಕಣ್ಣಾರೆ ಕಂಡ ಅಪ್ಪ, "ಇಷ್ಟ ಸಣ್ಣದೇನು!" ಎಂದರು. ಅವರ ಮನಸ್ಸಿನಲ್ಲಿ ತಿತ್ತಿರಿ ನವಿಲಿನಷ್ಟಾದರೂ ಇತ್ತೆಂದು ಕಾಣುತ್ತದೆ. ಹಾಗೆಯೇ ಸ್ವಲ್ಪ ಬಗ್ಗಿ, "ನೀ ಹೆಂಗ ಬೇಯಸ್ತೀ ತಂಗೆವ್ವ?" ಎಂದು ಕೇಳಿದರು. ಅವಳು ಹೇಳಿದಳು. ಅಪ್ಪ ಒಳಗೆ ಹೋಗಿ ಅದನ್ನು ಬರೆದುಕೊಂಡದ್ದನ್ನು ನಾನು ನೋಡಿದ್ದೇನೆ.

ಮುಂದಿನ ದಿನಗಳಲ್ಲಿ ನಾನು ಒಂದೂಕಾಲರ ಮಗ್ಗಿ, ಎರಡೂವರೆಯ ಮಗ್ಗಿ ಎಲ್ಲ ಮಡ್ಡಿಗೆ ಕೇಳಿಸಿದೆ. ಇನ್ನೂ ಮೂರು ಗಂಡು ಸಿಕ್ಕವು, ಐದು ಹೆಣ್ಣನ್ನು ಉರುಲು ಬಿಡಿಸಿ ಬಿಟ್ಟೆವು. ಎರಡನೇ ದಿನ ಸಾರು ನೀಲವ್ವನ ಹೊಟ್ಟೆಯಲ್ಲಿ ನಿಂತಿತು. ನಾಲ್ಕನೇ ದಿನ ಅವಳೇ ಎದ್ದು ಕುಳಿತು ಜೋಳದ ಅಂಬಲಿ ಕೇಳಿದಳಂತೆ. ಸಾರಿನಿಂದಲೋ, ದವಾಖಾನೆಯ ಔಷಧದಿಂದಲೋ, ತಾಯಿಯ ಹಟದಿಂದಲೋ, ಅದನ್ನು ವಾದಿಸುವ ಯೋಗ್ಯತೆ ನನಗಿಲ್ಲ. ವಾರ ಕಳೆದ ಮೇಲೆ ಆ ಮನೆಯ ಮುಂದೆ ಹಾಯುವಾಗ ಕೂಸಿನ ಅಳು ಕೇಳಲಿಲ್ಲ. ಇಣುಕಿದರೆ ನೀಲವ್ವ ಅದನ್ನು ಸೆರಗಿನೊಳಗೆ ಹಾಕಿಕೊಂಡು, ಗೋಡೆಗೆ ಬೆನ್ನು ಮಾಡಿ ಕುಳಿತಿದ್ದಳು. ನನಗೆ ಅಲ್ಲಿಯೇ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂದು ಉಪರಣೆಯಿಂದ ಒರೆಸಿಕೊಂಡೆ.

ಆದರೆ ನನ್ನ ಹೊಟ್ಟೆಯಲ್ಲಿ ಕುಳಿತ ಆ ಸುಳ್ಳು ಕುಳಿತೇ ಇತ್ತು. ಊರಲ್ಲಿ ಯಾರು ಸಿಕ್ಕರೂ ತಾಯಿ ಹಕ್ಕಿ ಬಿಟ್ಟ ಮಾಸ್ತರನೆಂದು ಹೊಗಳುವವರೇ. ಆ ಹಕ್ಕಿಯನ್ನು ಬಿಟ್ಟು ನಾನು ಆ ಹುಡುಗಿಯ ಪಥ್ಯದ ಎರಡು ದಿನವನ್ನೂ ಕಳೆದಿದ್ದೆ. ಅವಳು ಬದುಕಿದಳು, ಸರಿ. ಬದುಕದೇ ಹೋಗಿದ್ದರೆ?

ನೀಲವ್ವ ರಾಮದುರ್ಗಕ್ಕೆ ಹೊರಟ ದಿನ ಗಾಡಿ ಕಟ್ಟಿ ನಿಲ್ಲಿಸಿದ್ದರು. ಬುತ್ತಿಗಂಟು, ತೊಟ್ಟಿಲು, ಕುಂಚಿಗೆ ಹಾಕಿದ ಕೂಸು ಎಲ್ಲ ಏರಿದವು. ತಂಗೆವ್ವ ಮಗಳನ್ನು ಬಿಟ್ಟುಬರಲು ತಾನೂ ಹೊರಟಿದ್ದಳು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿ, ಅವಳನ್ನು ಗಾಡಿಯ ಹಿಂದಕ್ಕೆ ಕರೆದೆ.

"ತಂಗೆವ್ವಾ, ಆವತ್ತ ನಾ ಬಿಟ್ಟದ್ದು ಹೆಣ್ಣಲ್ಲ. ಗಂಡು. ನಾ ಕಾಲ ನೋಡ್ಲೇ ಇಲ್ಲ. ನಿನ್ನ ಮುಂದ ಸುಳ್ಳ ಹೇಳಿದೆ."

"ಗೊತ್ತೈತ್ರಿ" ಎಂದಳು, ಹಗ್ಗದ ಗಂಟು ಬಿಗಿಯುತ್ತ.

"ಗೊತ್ತಿತ್ತು? ಮತ್ತ ಆವತ್ತ ಯಾಕ ಏನೂ ಅನ್ಲಿಲ್ಲ? ಬೈಬೇಕಾಗಿತ್ತು. ನಿನ್ನ ಮಗಳ ಜೀವದ ಮಾತು ಅದು!"

ತಂಗೆವ್ವ ಗಂಟಿನಿಂದ ಕೈ ತೆಗೆದು ನನ್ನ ಮುಖ ನೋಡಿದಳು.

"ಮಗಳ ಜೀವದ ಮಾತು ಅಂತನ ಬಾಯಿ ಮುಚಗೊಂಡ್ನಿ ಮಾಸ್ತರ್ರ. ಒಂದ ಹಕ್ಕಿ ಹೋಗಿತ್ತು, ಇನ್ನೊಂದ ಹಿಡೀಬಹುದಿತ್ತು. ಬೈದಿದ್ರ ನೀವೂ ಹಾರಿ ಹೋಗ್ತಿದ್ರಿ. ಆಮ್ಯಾಲ ಹಕ್ಕಿ ಹಿಂದ ಯಾರನ್ನ ನಡಸ್ತಿದ್ನಿ ನಾ?"

ಹಾಗೆಂದು ಗಾಡಿ ಹತ್ತಿ, ಮಗಳ ತೊಡೆಯಿಂದ ಕೂಸನ್ನು ಎತ್ತಿಕೊಂಡು, ಹೊಡೆಯೋ ಎಂದು ಗಾಡಿಯವನಿಗೆ ಹೇಳಿದಳು.